ವಾಕಿಂಗ್ ಮಾಡಿದರೆ ಫ್ರೀ ರಾಡಿಕಲ್ ಜಾಸ್ತಿ ಆಗುತ್ತಾ? ಅಪ್ಪಾಜಿ ಹೆದರಿ ಮನೆಯಲ್ಲೇ ಕುಳಿತಿದ್ದಾರೆ

ಪ್ರಶ್ನೆ (ಹುಬ್ಬಳ್ಳಿ, ನವನಗರ)

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಗೆ 61 ವರ್ಷ. 9 ವರ್ಷದಿಂದ ಶುಗರ್ ಇದೆ. ಈಗ ಬಲ ಭುಜ ಹಿಡಿದುಕೊಂಡಿದೆ, ಕೈ ಮೇಲೆ ಎತ್ತಲು ಬರುತ್ತಿಲ್ಲ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗುತ್ತಾರೆ. ಡಾಕ್ಟರ್ ಹೇಳಿದ್ದಕ್ಕೆ ಉಣಕಲ್ ಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಕೂಡ ಶುರು ಮಾಡಿದ್ದರು. ಹೋದ ವಾರ ಸಂಬಂಧಿಕರೊಬ್ಬರು ಬಂದು, ‘ವ್ಯಾಯಾಮ ಮಾಡಿದರೆ ಮೈಯಲ್ಲಿ ಫ್ರೀ ರಾಡಿಕಲ್ ಜಾಸ್ತಿ ಆಗುತ್ತವೆ, ಜೀವಕೋಶ ಹಾಳಾಗುತ್ತವೆ, ಈ ವಯಸ್ಸಿನಲ್ಲಿ ಅಪಾಯ’ ಎಂದು ಹೇಳಿ ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ಕೊಟ್ಟು ಹೋದರು. ತಿಂಗಳಿಗೆ 1,800 ರೂಪಾಯಿ. ಅಂದಿನಿಂದ ಅಪ್ಪಾಜಿ ವಾಕಿಂಗ್ ಬಿಟ್ಟಿದ್ದಾರೆ. ಇದರಲ್ಲಿ ನಿಜ ಎಷ್ಟು? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ (ಧಾರವಾಡ, ಫಿಸಿಯೋಥೆರಪಿಸ್ಟ್)

ತಂಗೀ, ಮೊದಲು ಅಪ್ಪಾಜಿಯವರನ್ನು ನಾಳೆಯಿಂದಲೇ ವಾಕಿಂಗ್‌ಗೆ ಹೊರಡಿಸಿ. ಉಳಿದದ್ದನ್ನು ಆಮೇಲೆ ಓದಿ ಹೇಳಿದರೂ ನಡೆಯುತ್ತದೆ.

ನಿಮ್ಮ ಸಂಬಂಧಿಕರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಅದು ಜನರನ್ನು ಹೆದರಿಸುತ್ತದೆ. ಫ್ರೀ ರಾಡಿಕಲ್ ಅಂದರೆ ಜೀವಕೋಶಕ್ಕೆ ಪೆಟ್ಟು ಕೊಡಬಲ್ಲ ಚುರುಕು ಅಣುಗಳು, ಅವನ್ನು ತಣಿಸುವುದು ಆಂಟಿಆಕ್ಸಿಡೆಂಟ್. ಮಾಂಸಖಂಡ ಕೆಲಸ ಮಾಡುವಾಗ ಫ್ರೀ ರಾಡಿಕಲ್ ಹುಟ್ಟುವುದು ಹೌದು. 1982ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಇಲಿಗಳನ್ನು ಪೂರ್ತಿ ಸುಸ್ತಾಗಿ ಬೀಳುವವರೆಗೆ ಓಡಿಸಿದಾಗ ಅವುಗಳ ಖಂಡ ಮತ್ತು ಯಕೃತ್ತಿನಲ್ಲಿ ಫ್ರೀ ರಾಡಿಕಲ್ 2–3 ಪಟ್ಟು ಏರಿತ್ತು. ಆದರೆ ‘ಸುಸ್ತಾಗಿ ಬೀಳುವವರೆಗೆ’ ಎನ್ನುವುದನ್ನು ಮಾತ್ರೆ ಮಾರುವವರು ಹೇಳುವುದಿಲ್ಲ. ಕೆರೆ ದಂಡೆಯ ಮೇಲೆ ಅರ್ಧ ಗಂಟೆ ನಡೆಯುವುದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಇನ್ನರ್ಧ ಇನ್ನೂ ಮುಖ್ಯ. ನಮ್ಮ ಹಳೆ ಮನೆಗಳ ಅಡುಗೆಮನೆ ನೆನಪಿಸಿಕೊಳ್ಳಿ. ದಿನಾ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಿದ್ದರು, ಹೊಗೆ ಏಳುತ್ತಿತ್ತು. ಅದಕ್ಕೇ ಮೇಲೆ ಬೆಳಕಿಂಡಿ ಇಡುತ್ತಿದ್ದರು. ದೇಹವೂ ಹಾಗೇ. ದಿನಾ ಸ್ವಲ್ಪ ಹೊಗೆ ಎದ್ದರೆ ಅದನ್ನು ಹೊರಹಾಕುವ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಈ ಕೆಲಸ ಮಾಡುತ್ತವೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದವರಲ್ಲಿ ಈ ವ್ಯವಸ್ಥೆ ಗಟ್ಟಿಯಾಗುತ್ತದೆ. ಹೊಗೆಯೇ ಏಳದಿದ್ದರೆ ಕಿಂಡಿ ತೆರೆಯುವವರು ಯಾರು?

2009ರಲ್ಲಿ ಜರ್ಮನಿಯ ಸಂಶೋಧಕರು ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಕೆಲವರಿಗೆ ದಿನಾ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು, ಇವೆರಡೂ ಆಂಟಿಆಕ್ಸಿಡೆಂಟ್‌ಗಳೇ. ಮಾತ್ರೆ ತೆಗೆದುಕೊಳ್ಳದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಮಾತ್ರೆ ನುಂಗಿದವರಲ್ಲಿ ಆ ಲಾಭ ಕಾಣಲಿಲ್ಲ. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಹೀಗೇ ಬಂದಿಲ್ಲ, ಅದನ್ನೂ ಹೇಳಬೇಕು. ಆದರೂ ಶುಗರ್ ಇರುವವರು ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಎಂದೇ ನಡೆಯುತ್ತಾರೆ, ಅಲ್ವಾ? ಅದಕ್ಕೇ ಅಡ್ಡ ಬರಬಹುದಾದ ಮಾತ್ರೆಗೆ ದುಡ್ಡು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಸುಮ್ನೆ ಕುಳಿತರೆ ಫ್ರೀ ರಾಡಿಕಲ್ ಇರುವುದಿಲ್ಲ ಎಂದುಕೊಳ್ಳಬೇಡಿ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟೂ ಅವು ಹುಟ್ಟುತ್ತಲೇ ಇರುತ್ತವೆ. ಅಲುಗಾಡದೆ ಬಿಟ್ಟ ಖಂಡದಲ್ಲೂ ಏರುತ್ತವೆ. ಪ್ಲಾಸ್ಟರ್ ಬಿಚ್ಚಿದಾಗ ಕೈ ಸಣ್ಣಗಾಗಿರುತ್ತದಲ್ಲ, ಅದರಲ್ಲಿ ಇದರದ್ದೂ ಪಾಲಿರಬಹುದು. ಹಾಗಾಗಿ ಭುಜವನ್ನೂ ಹಾಗೇ ಬಿಡಬೇಡಿ.

ಫಿಸಿಯೋಥೆರಪಿಯಲ್ಲಿ ಕರೆಂಟ್ ಕೊಡುವುದು, ಶಾಖ ಕೊಡುವುದು ನೋವು ಇಳಿಸುತ್ತದೆ. ನೋವು ಇಳಿದ ಹೊತ್ತಿನಲ್ಲಿ ಭುಜ ಆಡಿಸಬೇಕು. ಗೋಡೆಯ ಮೇಲೆ ಬೆರಳು ಹತ್ತಿಸುವುದು, ಬಗ್ಗಿ ನಿಂತು ಕೈಯನ್ನು ತೊಟ್ಟಿಲಿನ ಹಾಗೆ ತೂಗುವುದು, ಇವೇ ನಿಜವಾದ ಔಷಧಿ. ಎಷ್ಟೋ ಜನ ಮಷಿನ್ ಹಚ್ಚಿಸಿಕೊಂಡು ಎದ್ದು ಹೋಗುತ್ತಾರೆ, ಮನೆಯಲ್ಲಿ ಕೈ ಎತ್ತುವುದಿಲ್ಲ. ನನಗೆ ತುಂಬಾ ಬೇಸರ ತರುವ ಸಂಗತಿ ಇದು. ‘ಈ ಮಷಿನ್ ನಿಮ್ಮ ಮೈಯ ಫ್ರೀ ರಾಡಿಕಲ್ ತೆಗೆಯುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಶುಗರ್ ಇರುವುದರಿಂದ ಒಂದು ಎಚ್ಚರ. ಮನೆಯಲ್ಲಿ ಬಿಸಿನೀರಿನ ಚೀಲ ಇಡುವ ಮುಂಚೆ ಇನ್ನೊಬ್ಬರು ಮುಟ್ಟಿ ನೋಡಿ. ಸ್ಪರ್ಶ ಕಡಿಮೆ ಆಗಿದ್ದರೆ ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆ ನನ್ನ ಹತ್ತಿರ ಬಂದವರಿದ್ದಾರೆ.

ಉತ್ತರ (ಧಾರವಾಡ, ಕೆಲಗೇರಿ)

ಅಕ್ಕಾ, ನನಗೆ 54. ನನಗೂ ಶುಗರ್. ನಾನು ಮಾಡಿದ ತಪ್ಪು ಹೇಳುತ್ತೇನೆ, ಅಪ್ಪಾಜಿಯವರು ಅದನ್ನು ಮಾಡದಿರಲಿ. ಎರಡು ತಿಂಗಳು ಕೆರೆ ಹತ್ತಿರ ನಡೆದು ಧೈರ್ಯ ಬಂತು. ತಂಗಿ ಮನೆಗೆ ಹುಬ್ಬಳ್ಳಿಗೆ ಹೋದಾಗ ನೃಪತುಂಗ ಬೆಟ್ಟ ಹತ್ತಿದೆ. ಹತ್ತಿದ್ದು ಸರಿ, ಇಳಿಯುವಾಗ ಮಕ್ಕಳ ಜೊತೆ ಓಡಿದೆ. ಮಾರನೆಯ ದಿನ ಅಷ್ಟೇನೂ ಇರಲಿಲ್ಲ. ಅದರ ಮಾರನೆಯ ದಿನ ತೊಡೆ ಹಿಡಿದು ಕೂಡಲೂ ಬರಲಿಲ್ಲ, ಏಳಲೂ ಬರಲಿಲ್ಲ. ಇಳಿಯುವಾಗ ಖಂಡ ಹಿಗ್ಗುತ್ತಲೇ ಭಾರ ತಡೆಯುತ್ತದೆ, ಅದಕ್ಕೆ ಪೆಟ್ಟು ಜಾಸ್ತಿ ಎಂದು ಆಮೇಲೆ ತಿಳಿಯಿತು. ಮೂರ್ನಾಲ್ಕು ದಿನಕ್ಕೆ ತಾನೇ ಹೋಯಿತು. ಈಗ ವಾರಕ್ಕೆ 5 ನಿಮಿಷದ ಲೆಕ್ಕದಲ್ಲಿ ಏರಿಸುತ್ತೇನೆ, ಅಷ್ಟೇ.

ಡಬ್ಬಿ ಬದಲು ಆ 1,800 ರೂಪಾಯಿಯಲ್ಲಿ ಹಕ್ಕರಿಕೆ ಸೊಪ್ಪು, ಹಸಿ ಮೆಂತ್ಯ, ಗಜ್ಜರಿ, ಅಗಸಿ ಹಿಂಡಿ ತನ್ನಿ. ರೊಟ್ಟಿ ಜೊತೆ ನಮ್ಮ ಕಡೆ ತಿನ್ನುವುದೇ ಅವು. ಮತ್ತೆ ಜೇಬಿನಲ್ಲಿ ಬೆಲ್ಲದ ತುಂಡೋ ಪೆಪ್ಪರ್‌ಮೆಂಟೋ ಇರಲಿ. ನನಗೊಮ್ಮೆ ದಾರಿಯಲ್ಲೇ ಶುಗರ್ ಇಳಿದು, ಬೆವರಿ ಕೈ ನಡುಗಿತ್ತು.

ಉತ್ತರ (ಗದಗ ಕಡೆಯ ಹಳ್ಳಿ, ಹಿಂದೆ ಕುಸ್ತಿ ಆಡುತ್ತಿದ್ದವನು)

ಫ್ರೀ ರಾಡಿಕಲ್ ನನಗೆ ಗೊತ್ತಿಲ್ಲ, ಗರಡಿ ಗೊತ್ತು. ಹೊಸ ಹುಡುಗ ಬಂದರೆ ನಮ್ಮ ಉಸ್ತಾದರು ಮೊದಲ ದಿನ 20 ಬೈಠಕ್‌ಗಿಂತ ಜಾಸ್ತಿ ಹಾಕಲು ಬಿಡುತ್ತಿರಲಿಲ್ಲ. ವಾರಕ್ಕೊಂದು ದಿನ ತಾಲೀಮೇ ಇಲ್ಲ. ಒಬ್ಬ ಹುಡುಗ ಅವರಿಲ್ಲದಾಗ ಪಂಥ ಕಟ್ಟಿ 500 ಹಾಕಿದ. ಎರಡನೇ ದಿನ ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿತು, ತೊಡೆ ಬಾತಿತು. ಖಂಡ ಒಡೆದು ಕಿಡ್ನಿಗೆ ಹೋಗುತ್ತಿದೆ ಎಂದು ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ ಉಳಿಸಿದರು. ಹುಡುಗರು ಇದನ್ನು ಓದುತ್ತಿದ್ದರೆ ನೆನಪಿಡಿ, ಮೂತ್ರ ಆ ಬಣ್ಣಕ್ಕೆ ಬಂದರೆ ಮನೆಯಲ್ಲಿ ಕೂಡಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಅಪ್ಪಾಜಿಯವರ ನಡಿಗೆಗೆ ಇಂಥ ಭಯವೇನೂ ಇಲ್ಲ. ಮಾತಾಡುತ್ತಾ ನಡೆಯಲು ಬಂದರೆ ಆ ವೇಗ ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ಅಪ್ಪಾಜಿಗೆ ಪೂರ್ತಿ ಓದಿ ಹೇಳಿದೆ. ಬೆಳಕಿಂಡಿಯ ಮಾತು ಬಂದಾಗ ಎರಡು ಸಲ ಓದಿಸಿದರು. ಇವತ್ತು ಬೆಳಿಗ್ಗೆ 20 ನಿಮಿಷ ನಡೆದು ಬಂದರು, ನಾನೂ ಜೊತೆಗೆ ಹೋಗಿದ್ದೆ. ಒಂದೇ ಅನುಮಾನ ಉಳಿದಿದೆ. ಶುಗರ್ ಡಾಕ್ಟರ್ ವಿಟಮಿನ್ ಬಿ12 ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನೂ ನಿಲ್ಲಿಸಬೇಕಾ?

ಉತ್ತರ (ಧಾರವಾಡ, ಫಿಸಿಯೋಥೆರಪಿಸ್ಟ್)

ಬೇಡ ತಂಗೀ, ಅದನ್ನು ಮಾತ್ರ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ12 ಕಡಿಮೆ ಆಗಬಹುದು, ಆಗ ಕೈಕಾಲು ಜೋಮು ಹಿಡಿಯುತ್ತದೆ. ಅದಕ್ಕೆ ಕೊಟ್ಟಿರುತ್ತಾರೆ. ಡಾಕ್ಟರ್ ಬರೆದ ಯಾವ ಮಾತ್ರೆಯನ್ನೂ ಅವರನ್ನು ಕೇಳದೆ ಬಿಡಬೇಡಿ. ಸಂಬಂಧಿಕರು ಕೊಟ್ಟ ಡಬ್ಬಿಯನ್ನೂ ಮುಂದಿನ ಸಲ ಹೋಗುವಾಗ ಜೊತೆಗೆ ಒಯ್ಯಿರಿ, ಒಳಗೆ ಏನೇನಿದೆ ಎಂದು ಅವರೇ ಓದಿ ನೋಡಲಿ.