ಸುಮಾ, ಅಪ್ಪು ವಿಷಯಕ್ಕೆ ಮಾವ ಹೇಳ್ತಿರೋದು

ಸುಮಾ, ಈಗಷ್ಟೇ ನೋಡ್ದೆ ಕಣಮ್ಮ ನಿನ್ನ ಮೆಸೇಜು. ಅಪ್ಪು ಜೊತೆ ಫೋನಲ್ಲಿ ಗೇಮ್ ಆಡ್ತಿದ್ದ ಗುವಾಹಟಿ ಹುಡುಗ ಬೈಕ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ಟ, ಇವನು ರೂಮ್ ಬಾಗ್ಲು ಹಾಕ್ಕೊಂಡು ಕೂತಿದಾನೆ, ಮುಖಾನೇ ನೋಡದವನಿಗೆ ಇಷ್ಟು ಅಳೋದು ಸರೀನಾ, ಡಾಕ್ಟ್ರಿಗೆ ತೋರಿಸ್ಲಾ ಅಂತ ಕೇಳಿದೀಯ. ಮಿಕ್ಕಿದ್ದು ಆಮೇಲೆ, ಮೊದ್ಲು ಅವನ ಮುಂದೆ ‘ಅವನನ್ನ ನೋಡೇ ಇಲ್ವಲ್ಲೋ’ ಅನ್ನೋ ಮಾತು ಎತ್ಬೇಡ.

ನನ್ನ ರೇಡಿಯೋ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಒಂಟಿಕೊಪ್ಪಲ್ ಮನೆ ತಾರಸಿ ಮೇಲೆ ತಾಮ್ರದ ವೈರು, ಅಜ್ಜಿ ಅದ್ರ ಮೇಲೆ ಸೀರೆ ಒಣಗಾಕೋಕೆ ಹೋಗಿ ರಂಪ ಆಗಿತ್ತಲ್ಲ, ಅದೇ. ಹ್ಯಾಮ್ ಲೈಸೆನ್ಸು, ಅಂದ್ರೆ ಹವ್ಯಾಸಕ್ಕೆ ಮನೆಯಿಂದ್ಲೇ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡೋಕೆ ಪರ್ಮಿಷನ್ನು, ವಿಯು2 ಅಂತ ಶುರುವಾಗೋ ಕಾಲ್‌ಸೈನು, ಗಾಳೀಲಿ ಅದೇ ನಮ್ಮ ಹೆಸರು. ಭಾನುವಾರ ಬೆಳಿಗ್ಗೆ 40 ಮೀಟರ್ ಬ್ಯಾಂಡಲ್ಲಿ ಕ್ಯಾಂಡಿಯ ಒಬ್ಬ ಮೇಷ್ಟ್ರು ಸಿಗೋರು, ಶ್ರೀಲಂಕಾದವರ ಕಾಲ್‌ಸೈನು ಶುರುವಾಗೋದು 4ಎಸ್7 ಅಂತ. ಮೋರ್ಸ್ ಕೀ, ಅಂದ್ರೆ ಟಕಟಕ ಒತ್ತಿ ಅಕ್ಷರ ಕಳಿಸೋ ಗುಂಡಿ, ಅದರ ಮೇಲೆ ಒಬ್ಬೊಬ್ಬರ ಕೈ ಒಂದೊಂದು ಥರ, ಕಾಲ್‌ಸೈನ್ ಪೂರ್ತಿ ಬರೋ ಮುಂಚೆನೇ ಇವರೇ ಅಂತ ಗೊತ್ತಾಗೋದು, ಮೈ ಹುಷಾರಿಲ್ಲದ ದಿನಾನೂ ಗೊತ್ತಾಗೋದು. ಕೊನೇಲಿ 73 ಅಂತ ಕಳಿಸಿದ್ರೆ ನಮಸ್ಕಾರ ಹೇಳ್ದಂಗೆ. ಒಂದು ಭಾನುವಾರ ಬರ್ಲಿಲ್ಲ, ಮುಂದಿನ ವಾರಾನೂ ಇಲ್ಲ, ಆಮೇಲೆ ಕೊಲಂಬೋದವರೊಬ್ರು ಸಿಕ್ಕಿ ಮೇಷ್ಟ್ರು ಸೈಲೆಂಟ್ ಕೀ ಅಂದ್ರು, ಹೋದವರಿಗೆ ನಮ್ಮಲ್ಲಿ ಹಂಗೇ ಹೇಳೋದು. ಹೆಡ್‌ಫೋನ್ ತೆಗೆದಿಟ್ಟು ಹೋಗಿ ತಲೆ ಮೇಲೆ ನೀರು ಸುರ್ಕೊಂಡು ಬಂದೆ. ನಿಮ್ಮ ದೊಡ್ಡಮಾವ ಪೇಪರ್ ಓದ್ತಿದ್ದೋರು, ‘ಏನೋ, ಗಾಳೀಲಿ ಮಾತಾಡೋನಿಗೂ ಸೂತಕಾನಾ?’ ಅಂದ್ರು, ಮನೆಯೆಲ್ಲ ನಕ್ತು. ಮಾತೇ ಆಡದ ದಾಯಾದಿ ಸತ್ರೆ ಹತ್ತು ದಿನ ಸೂತಕ ಹಿಡಿಯೋ ಜನ ನಾವು! ಅವತ್ತಿಂದ ಆ ಮನೇಲಿ ನನ್ನ ಕಷ್ಟ ಸುಖ ಬಾಯಿಬಿಟ್ಟು ಹೇಳಿದ್ದಿಲ್ಲ. ಎದೆನೋವು ಬಂದಾಗ್ಲೂ ಹೇಳ್ಲಿಲ್ಲ, ಬನೀನು ಬೆವರಲ್ಲಿ ಒದ್ದೆ ಆಗಿದ್ದು ನೋಡಿ ನಿಮ್ಮತ್ತೆನೇ ಆಟೋ ಕರೆಸಿದ್ದು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ನೀನೂ ಅನ್ಬೇಡ, ನಿನ್ನ ಗಂಡನಿಗೂ ಹೇಳು, ‘ನೋಡೇ ಇಲ್ವಲ್ಲ’ ಅಂತ ಬಾಯಿ ತಪ್ಪಿನೂ ಬರಬಾರ್ದು.

ನಕ್ಕಿದ್ದಷ್ಟೇ ಆಗಿದ್ರೆ ಹೋಗ್ಲಿ ಅಂತಿದ್ದೆ. ಮನೆ ಭಾಗ ಆದಾಗ ನಾನು ಊರಲ್ಲಿಲ್ಲದ ಹೊತ್ತಲ್ಲಿ ಸೆಟ್ಟೂ ವೈರೂ ಗುಜರಿಗೆ ಹೋಯ್ತು, ತಾಮ್ರ ಕೆಜಿ ಲೆಕ್ಕ ಅಲ್ವಾ, ಆ ದುಡ್ಡು ಯಾರ ಜೇಬಿಗೆ ಹೋಯ್ತು ಅಂತ ಇವತ್ತಿಗೂ ಯಾರೂ ಹೇಳಿಲ್ಲ. ದುಡ್ಡು ಹಾಳಾಗ್ಲಿ, ರೇಡಿಯೋದಲ್ಲಿ ಸಿಕ್ಕಿದ್ದಕ್ಕೆ ಗುರುತು ಅಂತ ಒಬ್ಬರಿಗೊಬ್ಬರು ಕಳಿಸೋ ಕ್ಯೂಎಸ್‌ಎಲ್ ಕಾರ್ಡಿನ ಶೂ ಡಬ್ಬಾನೂ ಹೋಯ್ತಲ್ಲ, ಮೇಷ್ಟ್ರ ಅಕ್ಷರ ಇದ್ದಿದ್ದು ಅದರಲ್ಲೊಂದೇ. ದೊಡ್ಡಮಾವ ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಲಿ.

ಹಾಂ, ಹೇಳ್ಬೇಕಾದ್ದೇ ಮರ್ತೆ. ಅಪ್ಪು ಫೋನಲ್ಲಿ ಆ ಹುಡುಗನ ಚಾಟು, ವಾಯ್ಸ್ ಮೆಸೇಜು ಇರುತ್ತಲ್ಲ, ಯಾರೂ ಕ್ಲಿಯರ್ ಮಾಡ್ಬೇಡಿ, ಎಕ್ಸ್‌ಪೋರ್ಟ್ ಚಾಟ್ ಒತ್ತಿ ಮೇಲ್‌ಗೆ ಹಾಕ್ಕೊಳ್ಳಿ. ವಾಟ್ಸಾಪ್ ಅಕೌಂಟು 120 ದಿನ ಯಾರೂ ತೆಗೀದಿದ್ರೆ ಸಾಮಾನ್ಯವಾಗಿ ಡಿಲೀಟ್ ಆಗುತ್ತೆ, ಅವನ ಡಿಪಿ ಹೋಗುತ್ತೆ, ಮುಂದೆ ಆ ನಂಬರ್ ಬೇರೆಯವರಿಗೆ ಸಿಕ್ರೆ ಇನ್ಯಾರದ್ದೋ ಫೋಟೋ ಬರುತ್ತೆ, ಇದನ್ನ ಅಪ್ಪುಗೆ ಮೊದಲೇ ಹೇಳಿಡು. ಆ ಹುಡುಗನ ಫೇಸ್‌ಬುಕ್ಕನ್ನ ನೆನಪಿನ ಅಕೌಂಟ್ ಮಾಡಿ ಅಂತ ಅಪ್ಪು ರಿಕ್ವೆಸ್ಟ್ ಕಳಿಸೋದು ಬೇಡ, ಒಂದ್ಸಲ ಹಂಗೆ ಮಾಡಿದ್ರೆ ಮನೆಯವರೂ ಲಾಗಿನ್ ಆಗೋಕಾಗಲ್ಲ, ಅದು ಅವರಿಗೆ ಬಿಟ್ಟಿದ್ದು. ಅವನ ಹೆಸರಲ್ಲಿ ಕ್ಯೂಆರ್ ಕೋಡ್ ಕಳಿಸಿ ದುಡ್ಡು ಕೇಳಿದ್ರೆ ಹಾಕ್ಬೇಡಿ. ಆ ಹುಡುಗನ ಅಮ್ಮಂಗೆ ಅಪ್ಪು ಕೈಲೇ ನಾಲ್ಕು ಸಾಲು ಬರೆಸು, ಏನಾಡ್ತಿದ್ರು, ಯಾಕೆ ನಗ್ತಿದ್ರು ಅಂತ, ಅವರಿಗೆ ಮಗನ ಆ ಕಡೆ ಗೊತ್ತೇ ಇರಲ್ಲ. ಅಳೋದಕ್ಕೆ ಡಾಕ್ಟ್ರು ಬೇಡ. ಊಟ ನಿದ್ದೆ ಪೂರ್ತಿ ಬಿಟ್ರೆ, ಇಲ್ಲ ನಾನೂ ಹೋಗ್ತೀನಿ ಅನ್ನೋ ಥರ ಮಾತು ಬಂದ್ರೆ ತಡ ಮಾಡ್ಬೇಡ, ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಹಗಲು ರಾತ್ರಿ ಎತ್ತುತಾರೆ, ಕನ್ನಡದಲ್ಲೇ ಮಾತಾಡ್ಬೋದು. ಬರ್ಕೊ, ಒಂದು ನಾಲ್ಕು ನಾಲ್ಕು ಒಂದು ಆರು.