ಭಾನುವಾರದ ಪ್ರಶ್ನೋತ್ತರ: ಮನಸ್ಸಿನ ಕಾಯಿಲೆಗಳು (ಮಂಡ್ಯ ನೆರೆಹೊರೆ ಗುಂಪು)

ಡಾಕ್ಟರ್: 11 ಗಂಟೆವರೆಗೆ ಇರುತ್ತೇನೆ, ಕೇಳಿ. ಕಾಯಿಲೆಯವರ ಹೆಸರು ಹಾಕಬೇಡಿ. ಇಲ್ಲಿ ಡೋಸ್ ಹೇಳುವುದಿಲ್ಲ.

ಮಳವಳ್ಳಿ ತಮ್ಮ: ಸಾರ್, ಖಿನ್ನತೆ ಮಾತ್ರೆ ಶುರು ಮಾಡಿ 5 ದಿನ. ಏನೂ ಗೊತ್ತಾಗುತ್ತಿಲ್ಲ, ಬಿಟ್ಟುಬಿಡಲಾ?

ಡಾಕ್ಟರ್: ಬಿಡಬೇಡಿ. 2ರಿಂದ 4 ವಾರ ಬೇಕು.

ಮದ್ದೂರು ಅಕ್ಕ: ನಮ್ಮ ಭಾವ ಎರಡು ತಿಂಗಳು ಮೂಲೆ ಹಿಡಿದಿದ್ದರು. ಈಗ ನಿದ್ದೆಯೇ ಬೇಡ ಅಂತಾರೆ. ಒಂದೇ ವಾರದಲ್ಲಿ ಎರಡು ಹಸು, ಟ್ರಾಕ್ಟರಿಗೆ ಅಡ್ವಾನ್ಸ್!

ಡಾಕ್ಟರ್: ಬೈಪೋಲಾರ್ ಇರಬಹುದು, ಅಂದರೆ ಮನಸ್ಸು ಕೆಲವು ಕಾಲ ಕುಗ್ಗಿ, ಕೆಲವು ಕಾಲ ಮಿತಿಮೀರಿ ಉಕ್ಕುವ ಕಾಯಿಲೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ (ಮನಸ್ಸಿನ ಕಾಯಿಲೆ ನೋಡುವ ಸರ್ಕಾರಿ ಕ್ಲಿನಿಕ್) ಕರೆದುಕೊಂಡು ಹೋಗಿ. ಅಲ್ಲಿವರೆಗೆ ಭಾವನ ಪಾಸ್‌ಬುಕ್ ನಿಮ್ಮ ಅಕ್ಕನ ಕೈಲಿರಲಿ.

ಕೆರಗೋಡು ಹುಡುಗ: ತಂಗಿಗೆ ಹೆರಿಗೆಯಾಗಿ 9 ದಿನ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಮಗುವನ್ನು ಬದಲಾಯಿಸಿದ್ದಾರೆ ಅಂತಾಳೆ. ಅವ್ವ ಕೊಟ್ಟ ಗಂಜಿಯಲ್ಲಿ ವಿಷ ಇದೆ ಅಂತ ಚೆಲ್ಲಿದಳು. ಮಧ್ಯಾಹ್ನ ಮಾತ್ರ ಚೆನ್ನಾಗಿಯೇ ಮಾತಾಡಿದಳು. ಅಜ್ಜಿ ಗಾಳಿ ಸೋಂಕು ಅಂತಾರೆ, ಅಮಾವಾಸ್ಯೆ ಕಳೆಯಲಿ ಅಂತಾರೆ.

ಡಾಕ್ಟರ್: ಕಾಯಬೇಡಿ, ಈಗಲೇ ಹೊರಡಿ. ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದರಲ್ಲ, ಅದರ ಹಾಗೇ ಕಾಣುತ್ತಿದೆ. ಸಾವಿರ ಹೆರಿಗೆಗೆ ಒಂದೆರಡು ಬರುತ್ತದೆ, ಹೆಚ್ಚಾಗಿ ಮೊದಲ 2 ವಾರದಲ್ಲೇ. ಹೆರಿಗೆಯಾದ ಮೂರ್ನಾಲ್ಕನೇ ದಿನ ಸುಮ್ನೆ ಅಳು ಬರುವುದು ಬೇರೆ, ಅದು ತಾನಾಗಿ ಹೋಗುತ್ತದೆ. ಇದು ಹೋಗುವುದಿಲ್ಲ. ಮಧ್ಯಾಹ್ನ ಸರಿ ಇದ್ದಳು ಅಂತ ನಂಬಿ ಕೂರಬೇಡಿ, ಗಂಟೆಗೊಂದು ಥರ ಆಗುವುದೇ ಇದರ ಸ್ವಭಾವ. ತಾಯಿ ಮಗು ಇಬ್ಬರನ್ನೇ ಒಂದು ಕ್ಷಣವೂ ಬಿಡಬೇಡಿ. ಬಯ್ಯಬೇಡಿ, ನಿನ್ನದೇ ಮಗು ಅಂತ ವಾದಕ್ಕೂ ಇಳಿಯಬೇಡಿ. ಮಿಮ್ಸ್ (ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಎಮರ್ಜೆನ್ಸಿಗೆ ಹೋಗಿ, ಗಾಡಿ ಇಲ್ಲದಿದ್ದರೆ 108. ಹೆರಿಗೆ ಕಾಗದಗಳು ಜೊತೆಗಿರಲಿ. ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ವಾಸಿಯಾಗುವ ಕಾಯಿಲೆ ಇದು. ಜ್ವರ ಇದೆಯಾ?

ಗುತ್ತಲು ರಸ್ತೆ: ಮಗ ಸೋಪು ಮುಗಿಯುವವರೆಗೆ ಕೈ ತೊಳೆಯುತ್ತಾನೆ ಸಾರ್. ಇದೂ ಕಾಯಿಲೆಯಾ?

ಪಾಂಡವಪುರ ಮೇಷ್ಟ್ರು: (ಫಾರ್ವರ್ಡ್) ಒಂದೆಲಗದ ರಸ 21 ದಿನ ಕುಡಿಯಿರಿ. ಮನೋರೋಗ ಮಾಯ! ಇಂಗ್ಲಿಷ್ ಮಾತ್ರೆ ಅವತ್ತೇ ಬಿಡಿ!

ಡಾಕ್ಟರ್: ಮೇಷ್ಟ್ರೇ, ಒಂದೆಲಗದ ಚಟ್ನಿ ನಾನೂ ತಿನ್ನುತ್ತೇನೆ. ಆ ಕೊನೆಯ ಸಾಲು ಅಳಿಸಿ. ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಕಾಯಿಲೆ) ಮಾತ್ರೆ ಹೀಗೆ ಬಿಟ್ಟವರು ಮತ್ತೆ ಕಿವಿಯಲ್ಲಿ ಮಾತು ಕೇಳಿಸಿಕೊಂಡು ವಾಪಸ್ ಬರುತ್ತಾರೆ.

ಮೇಷ್ಟ್ರು: ನಮ್ಮ ಹಿರಿಯರು ದಡ್ಡರಾ ಹಾಗಾದರೆ?

ಶ್ರೀರಂಗಪಟ್ಟಣ: ಹಿರಿಯರ ಕಾಲದಲ್ಲಿ ಫಾರ್ವರ್ಡ್ ಇರಲಿಲ್ಲ ಮೇಷ್ಟ್ರೇ.

ಮೇಷ್ಟ್ರು: ನಿಮ್ಮನ್ನು ಕೇಳಿದೆನಾ? ಹರಕೆ, ಯಂತ್ರ ಎಲ್ಲಾ ಸುಳ್ಳು ಅನ್ನಿ ಇನ್ನು!

ಮದ್ದೂರು ಅಕ್ಕ: ಹರಕೆ ಹೊತ್ತುಕೊಂಡೇ ಆಸ್ಪತ್ರೆಗೆ ಹೋದರೆ ದೇವರು ಮುನಿಸಿಕೊಳ್ಳುತ್ತಾನಾ?

ಹೊಸ ಸದಸ್ಯ: ಸಾರ್, ಖಿನ್ನತೆ ಮಾತ್ರೆ ಒಂದು ವಾರ ತಗೊಂಡೆ, ಬಿಡಬಹುದಾ?

ಡಾಕ್ಟರ್: ಮೇಲೆ ಓದಿ. ಕೆರಗೋಡಿನವರು ಎಲ್ಲಿ?

ಮೇಷ್ಟ್ರು: ನನಗೆ ಉತ್ತರ ಬರಲಿಲ್ಲ.

ಡಾಕ್ಟರ್: ಬರುವುದೂ ಇಲ್ಲ.

ಕೆರಗೋಡು ಹುಡುಗ: ಆಟೋ ಹತ್ತಿದೆವು ಸಾರ್. ಮಗು ಅವ್ವನ ಮಡಿಲಲ್ಲಿದೆ. ತಂಗಿಗೆ ಮೈ ಸುಡುತ್ತಿದೆ.

ಡಾಕ್ಟರ್: ಒಳಗೆ ಹೋದ ತಕ್ಷಣ ಜ್ವರದ ವಿಷಯವೇ ಮೊದಲು ಹೇಳಿ, ನಂಜಾಗಿರಬಹುದು. ಉಳಿದವರು ಸ್ವಲ್ಪ ಹೊತ್ತು ಸುಮ್ನಿರಿ.