ಗೀಸರ್ ಕೆಳಗೆ ಪೇಪರ್ ಹಾಸಿಡಿ

ಅಮ್ಮ: ಬೆಳಗ್ಗೆ ಗೀಸರ್ ಸ್ವಿಚ್ ಹಾಕಿದ ತಕ್ಷಣ ಮನೆಯ ಕರೆಂಟೆಲ್ಲ ಹೋಯಿತು. ಎರಡು ಸಲ ಹಾಗೇ ಆಯಿತು. ಅಜ್ಜಿಗೆ ಒಲೆ ಮೇಲೆ ನೀರು ಕಾಯಿಸಿ ಕೊಟ್ಟೆ. ಗ್ರೂಪ್‌ನಲ್ಲಿ ಹೇಳಿಡುತ್ತಿದ್ದೇನೆ ಅಷ್ಟೇ, ಯಾರೂ ಗಾಬರಿ ಆಗಬೇಡಿ.

ಅಣ್ಣ: ಹನ್ನೊಂದು ವರ್ಷ ಆಯ್ತಮ್ಮ ಅದಕ್ಕೆ. ಇವತ್ತೇ ಹೊಸದು ಆರ್ಡರ್ ಮಾಡುತ್ತೇನೆ. ಹೋದ ಸಲದ ಹಾಗೆ ಮೂವರೂ ಹಂಚಿಕೊಳ್ಳೋಣ.

ನಾನು: ಅಣ್ಣ, ಸ್ವಲ್ಪ ತಡಿ. ಹಾಕಿದ ತಕ್ಷಣ ಟ್ರಿಪ್ ಆಗುತ್ತಿದೆ ಅಂದರೆ ಬಹುಶಃ ನೀರು ಕಾಯಿಸುವ ಕಾಯಿಲ್ ಸೀಳಿ ಕರೆಂಟ್ ನೀರಿಗೆ ಇಳಿಯುತ್ತಿದೆ. 30 ಮಿಲಿ ಆಂಪಿಯರ್ ಸೋರಿದರೂ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಬೀಳುತ್ತದೆ, ಅದಕ್ಕೇ ಅದನ್ನು ಹಾಕಿಸಿದ್ದು. ಅಮ್ಮ, ಇನ್ನೊಂದು ಸಲ ಹಾಕಿ ನೋಡಬೇಡ. ಪ್ಲಗ್ ಕಿತ್ತಿಡು. ಕಾಯಿಲ್ ಹೋಗಿದ್ದಕ್ಕೆ ಇಡೀ ಗೀಸರ್ ಬದಲಿಸಬೇಕಾಗಿಲ್ಲ.

ಮಾವ: ಗ್ಯಾಸ್ ಗೀಸರ್ ಹಾಕಿಸಿ. ತಿರುಗಿಸಿದರೆ ಬಿಸಿನೀರು. ಕರೆಂಟಿನ ಗೋಜೇ ಇಲ್ಲ.

ಅಕ್ಕ: ಬೇಡವೇ ಬೇಡ ಮಾವ. ಆ ಬಚ್ಚಲಿಗೆ ಇರುವುದು ಒಂದು ಗೇಣು ಕಿಟಕಿ, ಚಳಿ ಅಂತ ಅಜ್ಜಿ ಅದನ್ನೂ ಮುಚ್ಚಿರುತ್ತಾರೆ. ಗ್ಯಾಸ್ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ವಿಷ, ಅದಕ್ಕೆ ವಾಸನೆಯೂ ಇಲ್ಲ, ಒಳಗಿರುವವರಿಗೆ ಗೊತ್ತೇ ಆಗಲ್ಲ. ಸೋಲಾರ್ ಹಾಕಿಸೋಣ.

ಅಮ್ಮ: ಪಕ್ಕದವರು ಮೂರು ಮಹಡಿ ಎಬ್ಬಿಸಿದ ಮೇಲೆ ನಮ್ಮ ತಾರಸಿಗೆ ಮಧ್ಯಾಹ್ನದ ತನಕ ಬಿಸಿಲೇ ಇಲ್ಲ ಕಣೇ. ಹಪ್ಪಳ ಒಣಗಿಸೋಕೂ ಎದುರು ಮನೆಗೆ ಹೋಗುತ್ತೇನೆ.

ಅಣ್ಣ: ಅದಕ್ಕೇ ಹೇಳಿದ್ದು, ಹೊಸದು. ಹಳೇ ಗೀಸರ್ ಕರೆಂಟ್ ಜಾಸ್ತಿ ತಿನ್ನುತ್ತದೆ. ಈಗಿನದು ಫೈವ್ ಸ್ಟಾರ್.

ನಾನು: ಈ ಲೆಕ್ಕ ನೋಡು. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಬೇಕಾದರೆ ಸುಮಾರು 0.6 ಯೂನಿಟ್ ಬೇಕೇ ಬೇಕು, ಗೀಸರ್ ಹಳೆಯದಿರಲಿ ಹೊಸದಿರಲಿ. 2 ಕಿಲೋವ್ಯಾಟ್ ಕಾಯಿಲ್‌ಗೆ ಇಪ್ಪತ್ತು ನಿಮಿಷದ ಕೆಲಸ. ಕಾದ ನೀರು ಸುಮ್ನೆ ನಿಂತಾಗ ಎಷ್ಟು ಶಾಖ ಸೋರುತ್ತದೆ ಅನ್ನುವುದರ ಮೇಲೆ ಸ್ಟಾರ್ ಕೊಡುತ್ತಾರೆ. ದಿನವಿಡೀ ಆನ್ ಇಡುವ ಮನೆಗೆ ಅದು ದೊಡ್ಡ ವಿಷಯ. ಅಮ್ಮ ಸ್ನಾನಕ್ಕೆ ಮುಂಚೆ ಹಾಕಿ ಆರಿಸುತ್ತಾಳೆ.

ಅಮ್ಮ: ಬಿಲ್ ಹೇಗೂ ಸೊನ್ನೆ ಬರುತ್ತಿದೆ, ಗೃಹಜ್ಯೋತಿಯಲ್ಲಿ.

ಅಣ್ಣ: ಬಿಲ್ ಬಿಡಿ. ಅಮ್ಮ ಕುದಿಯುವ ನೀರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಹೋಗುತ್ತಿದ್ದಾಳೆ. ಅವಳ ಮಂಡಿ ನೋವು ನಿನಗೆ ಗೊತ್ತಿಲ್ವಾ? ನೀನು ಸಾವಿರ, ಎರಡು ಸಾವಿರದ ಲೆಕ್ಕ ಹಾಕುತ್ತಾ ಕೂತಿದ್ದೀಯ.

ನಾನು: ಗೊತ್ತು. ಆ ಭಯ ನನಗೂ ಇದೆ. ಅಮ್ಮ, ಪಾತ್ರೆ ಎತ್ತಬೇಡ, ಚೊಂಬಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದುಕೊಂಡು ಹೋಗು. ನನ್ನದು ದುಡ್ಡಿನ ಮಾತಲ್ಲ ಅಣ್ಣ. ಟ್ಯಾಂಕ್ ಚೆನ್ನಾಗಿದ್ದರೆ ಅದನ್ನು ಗುಜರಿಗೆ ಹಾಕುವುದು ತಪ್ಪು ಅನಿಸುತ್ತದೆ. ಅಪ್ಪ ಹತ್ತಿರ ನಿಂತು ಕೂರಿಸಿದ್ದು, ಮುಚ್ಚಳದ ಮೇಲೆ ತಾರೀಕು ಬರೆದಿಟ್ಟಿದ್ದಾರೆ. ಮೊದಲು ಬಿಚ್ಚಿಸಿ ನೋಡೋಣ.

ಮಾವ: ಮೆಕ್ಯಾನಿಕ್ ಬಂದು ಬಿಚ್ಚಿದ. ಫೋಟೊ ಹಾಕಿದ್ದೇನೆ ನೋಡಿ. ಕಾಯಿಲ್ ಕಾಣುವುದೇ ಇಲ್ಲ, ಬೆರಳು ದಪ್ಪ ಸುಣ್ಣ ಕಟ್ಟಿದೆ. ಸುಣ್ಣ ಕೆರೆದಾಗ ಸೀಳು ಕಂಡಿತು. ಟ್ಯಾಂಕಿನ ತಳದಿಂದ ಎರಡು ಚೊಂಬು ಬಿಳಿ ಚೂರು ಬಂತು. ಇನ್ನೊಂದು ರಾಡ್ ಇರಬೇಕಂತೆ. ಬರೀ ತಂತಿ ಉಳಿದಿದೆ.

ನಾನು: ಅಯ್ಯೋ. ಅದು ಆನೋಡ್ ರಾಡ್ ಮಾವ, ಮೆಗ್ನೀಷಿಯಂನದು. ಟ್ಯಾಂಕಿನ ಬದಲು ಅದು ಸವೆಯುತ್ತದೆ. ಅದು ಮುಗಿದ ಮೇಲೆ ನೀರು ಟ್ಯಾಂಕಿನ ಕಬ್ಬಿಣವನ್ನೇ ತಿನ್ನಲು ಶುರು ಮಾಡುತ್ತದೆ. ಕೋಲಾರದ ಬೋರ್ ನೀರಿಗೆ ವರ್ಷಕ್ಕೊಮ್ಮೆ ತೆಗೆದು ನೋಡಬೇಕಿತ್ತು. ಇಷ್ಟು ವರ್ಷ ನಾವ್ಯಾರೂ ನೋಡಲಿಲ್ಲ.

ಅಕ್ಕ: ಹಾಗಾದರೆ ಟ್ಯಾಂಕ್ ಹೋಗಿದೆಯಾ ಇಲ್ವಾ? ಹೇಗೆ ಗೊತ್ತಾಗುತ್ತದೆ?

ನಾನು: ಮಾವ, ಹಳೇ ಕಾಯಿಲನ್ನೇ ವಾಪಸ್ ಕೂರಿಸಿ ನೀರು ತುಂಬಿಸಿ. ಪ್ಲಗ್ ಹಾಕಲೇಬೇಡಿ. ಕೆಳಗಿನ ಮುಚ್ಚಳ ತೆಗೆದಿರಲಿ. ರಾತ್ರಿ ನೇರ ಕೆಳಗೆ ನ್ಯೂಸ್‌ಪೇಪರ್ ಹಾಸಿಡಿ. ನಡುವೆ, ಬೋಲ್ಟ್ ಇರುವ ಕಡೆ ತೊಟ್ಟಿಕ್ಕಿದರೆ ವಾಷರ್ ಬದಲಿಸಿದರೆ ಸಾಕು. ಹೊರ ಹೊದಿಕೆಯ ಅಂಚಿನಿಂದ ಬಂದರೆ ಟ್ಯಾಂಕೇ ತೂತು. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿಸುವ ಮಾತು ಬೇಡ, ಒಳಗಿನ ಲೇಪ ಸುಟ್ಟು ಹೋಗುತ್ತದೆ. ಪೇಪರ್ ಒಣಗಿದ್ದರೆ ಕಾಯಿಲ್, ರಾಡ್, ಥರ್ಮೋಸ್ಟಾಟ್ ಮೂರೂ ಹೊಸದು ಹಾಕಿಸೋಣ.

ಅಣ್ಣ: ಸರಿ. ಒಂದೇ ಒಂದು ರಾತ್ರಿ.

ಅಮ್ಮ: ಐದು ಗಂಟೆಗೆ ಎದ್ದು ನೋಡಿದೆ. ನಡುವೆ ಒಣಗಿದೆ. ಗೋಡೆ ಕಡೆ ಅಂಚಿನ ಕೆಳಗೆ ಒಂದು ರೂಪಾಯಿ ಅಗಲ ಒದ್ದೆ. ಬಣ್ಣ ಕೆಂಪಗಿದೆ, ಕಾವಿ ನೀರಿನ ಹಾಗೆ. ಮೇಲೆ ಬೆರಳಿಟ್ಟೆ, ಇನ್ನೊಂದು ಹನಿ ಬಂತು.

ನಾನು: ತುಕ್ಕು. ಟ್ಯಾಂಕ್ ಹೋಗಿದೆ. ಅಣ್ಣ, ಹೊಸದೇ ಆರ್ಡರ್ ಮಾಡು, 15 ಲೀಟರಿನದೇ ಸಾಕು. ಆದರೆ ಮೆಕ್ಯಾನಿಕ್ ಅದನ್ನು ಗೋಡೆಗೆ ಏರಿಸುವ ಮುಂಚೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್‌ನ ಪರೀಕ್ಷೆ ಆಗಲೇಬೇಕು. ಹೊಸ ಗೀಸರ್ ತಂದು ಹಳೇ ಅರ್ತಿಂಗ್‌ಗೆ ಸಿಕ್ಕಿಸಿದರೆ ಅಜ್ಜಿಯ ಸ್ನಾನದ ಹೊತ್ತಿಗೆ ನನಗೆ ನೆಮ್ಮದಿ ಇರಲ್ಲ.

ಅಣ್ಣ: ಆಯ್ತು ಕಣೋ. ನಾಡಿದ್ದು ಬರುತ್ತದೆ. ನಾನೂ ಶನಿವಾರ ಬರುತ್ತೇನೆ, ಎಲೆಕ್ಟ್ರಿಷಿಯನ್ ಜೊತೆ ನಾನೇ ನಿಲ್ಲುತ್ತೇನೆ. ರಾಡ್ ನೋಡುವ ತಿಂಗಳು ಯಾವುದು ಹೇಳು, ಮುಚ್ಚಳದ ಮೇಲೆ ಬರೆದಿಡುತ್ತೇನೆ.

ಮಾವ: ಅರ್ತಿಂಗ್ ಗುಂಡಿ ಪೂರಾ ಒಣಗಿದೆ, ಈಗಷ್ಟೇ ನೋಡಿದೆ. ಎರಡು ಕೊಡ ನೀರು ಹುಯ್ದಿದ್ದೇನೆ. ಶನಿವಾರದ ತನಕ ಅಜ್ಜಿಯ ಸ್ನಾನದ ನೀರು ನಮ್ಮ ಮನೆಯಿಂದ ಬರುತ್ತದೆ. ಅಕ್ಕಾ, ಮಂಡಿ ನೋವಿಟ್ಟುಕೊಂಡು ನೀನು ಪಾತ್ರೆ ಮುಟ್ಟಬೇಡ.

ಅಕ್ಕ: ನನ್ನ ಪಾಲು ಕಳಿಸಿದ್ದೇನೆ ಅಣ್ಣ. ಅರ್ತಿಂಗ್ ಖರ್ಚೂ ಮೂವರದ್ದೇ.